ಶಾಲೆಗೆ ದಿಲ್ಲಿಯ ಹಣ, ಶಾಲೆಗೆ ದಿಲ್ಲಿಯ ನಿಯಮ: ಕಾರವಾರ–ಅಂಕೋಲಾದಲ್ಲಿ ಕೇಂದ್ರ ಸರಕಾರದ ಪಾತ್ರ

ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿ ಸಭೆಗಳಲ್ಲಿ ಶಾಲೆಯ ವಿಷಯ ಬಂದಾಗಲೆಲ್ಲ ಒಂದು ಗೊಂದಲವನ್ನು ಕಾಣುತ್ತೇವೆ. ಬಿಸಿಯೂಟದ ಅಕ್ಕಿ ಯಾರದು, ಅನುದಾನಿತ ಶಾಲೆಯ ಶಿಕ್ಷಕರಿಗೆ ಸಂಬಳ ಯಾರು ಕೊಡುತ್ತಾರೆ, ಮಗುವಿಗೆ ಬರುತ್ತಿದ್ದ ವಿದ್ಯಾರ್ಥಿವೇತನವನ್ನು ನಿಲ್ಲಿಸಿದ್ದು ಯಾರು, ಟಿ.ಇ.ಟಿ. ಕಡ್ಡಾಯ ಮಾಡಿದ್ದು ಯಾರು ಎಂದು ಕೇಳಿದರೆ ಎಲ್ಲದಕ್ಕೂ 'ಸರಕಾರ' ಎಂಬ ಒಂದೇ ಉತ್ತರ. ದಿಲ್ಲಿ, ಬೆಂಗಳೂರು, ಕಾರವಾರದ ಉಪನಿರ್ದೇಶಕರ ಕಚೇರಿ ಮೂರೂ ಆ ಒಂದು ಶಬ್ದದೊಳಗೆ ಸೇರಿಹೋಗುತ್ತವೆ. ಹೀಗಾಗಿ ಎಷ್ಟೋ ಅರ್ಜಿಗಳು ತಪ್ಪು ಬಾಗಿಲಿಗೆ ಹೋಗುತ್ತವೆ. ಸರಿಯಾದ ಬಾಗಿಲು ಗೊತ್ತಾಗುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತದೆ, ನಷ್ಟವಾಗುವುದು ಮಗುವಿಗೆ.

ಆದ್ದರಿಂದ ಈ ಮಾಹಿತಿ ಲೇಖನ. ಇದರ ಒಟ್ಟು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಹಣದ ಮಟ್ಟಿಗೆ ಕೇಂದ್ರ ಸರಕಾರ ನಮ್ಮ ಸಾಮಾನ್ಯ ಶಾಲೆಗಳಿಂದ ಸಾಕಷ್ಟು ದೂರದಲ್ಲಿದೆ, ನಿಯಮದ ಮಟ್ಟಿಗೆ ತೀರ ಹತ್ತಿರದಲ್ಲಿದೆ. ದೇಶದಲ್ಲಿ ಶಿಕ್ಷಣಕ್ಕೆ ಸರಕಾರಗಳು ಮಾಡುವ ವೆಚ್ಚದಲ್ಲಿ ಸುಮಾರು ಮುಕ್ಕಾಲು ಪಾಲು ರಾಜ್ಯಗಳದ್ದು. ಆದರೆ ಶಿಕ್ಷಕರ ಅರ್ಹತೆಯಿಂದ ಹಿಡಿದು ಮಗುವಿನ ಊಟದ ಅಕ್ಕಿಯ ಗ್ರಾಮಿನವರೆಗೆ ಬಹಳಷ್ಟು ನಿರ್ಧಾರವಾಗುವುದು ದಿಲ್ಲಿಯಲ್ಲಿ.

ಗೋಖಲೆ ಕೇಳಿದ್ದು

ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜಿನ ಹೆಸರನ್ನು ದಿನವೂ ಹೇಳುತ್ತೇವೆ. ಆದರೆ ಆ ಹೆಸರಿಗೂ ಈ ವಿಷಯಕ್ಕೂ ಇರುವ ನಂಟನ್ನು ಬಲ್ಲವರು ಕಡಿಮೆ. ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚಿನಲ್ಲಿ ಅಂದಿನ ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಹುಡುಗರಿಗೆ ಪ್ರಾಥಮಿಕ ಶಿಕ್ಷಣವನ್ನು ಹಂತ ಹಂತವಾಗಿ ಕಡ್ಡಾಯ ಮಾಡಬೇಕು, ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಸರಕಾರ ಹೊರಬೇಕು, ಒಂದು ಪಾಲನ್ನು ಸ್ಥಳೀಯ ಸಂಸ್ಥೆಗಳು ಕೊಡಬೇಕು ಎಂಬುದು ಅವರ ಲೆಕ್ಕ. ಸರಕಾರ ಒಪ್ಪಲಿಲ್ಲ. 1912ರ ಮಾರ್ಚಿನಲ್ಲಿ 38 ಮತಗಳ ಎದುರು 13 ಮತ ಪಡೆದು ಮಸೂದೆ ಬಿದ್ದುಹೋಯಿತು.

ಆ ಸೋಲಿನ ನಂತರ ಶಿಕ್ಷಣ ಪ್ರಾಂತ್ಯಗಳ ಪಾಲಾಯಿತು. 1919ರ ಸುಧಾರಣಾ ಕಾಯಿದೆ ಅದನ್ನು ಪ್ರಾಂತ್ಯದ ಮಂತ್ರಿಗಳ ಕೈಗೆ ಕೊಟ್ಟಿತು. ನಮ್ಮ ಜಿಲ್ಲೆ 1862ರಿಂದಲೇ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿಯ ಶಾಲೆಗಳಿಗೆ 'ಸರಕಾರ' ಎಂದರೆ ಮುಂಬಯಿ. 1956ರ ನವೆಂಬರ್ 1ರ ನಂತರ ಬೆಂಗಳೂರು. ಮಿಷನರಿ ಶಾಲೆಗಳಿಗೆ ಸಿಗುತ್ತಿದ್ದ ಅನುದಾನದ ಪದ್ಧತಿ ಇದಕ್ಕಿಂತಲೂ ಹಳೆಯದು, 1854ರ ವುಡ್ ಸುತ್ತೋಲೆಯ ಕಾಲದ್ದು. ಶಾಲೆ ಯಾರದ್ದೇ ಆಗಿರಲಿ, ಪಾಠ ಸರಿಯಾಗಿದ್ದು ತಪಾಸಣೆಗೆ ಒಪ್ಪಿದರೆ ಸರಕಾರ ಸಹಾಯಧನ ಕೊಡಬಹುದು ಎಂಬ ತತ್ತ್ವ ಅದರಲ್ಲಿತ್ತು. ನಮ್ಮ ಅನುದಾನಿತ ಶಾಲೆಗಳು ಇಂದಿಗೂ ನಿಂತಿರುವುದು ಆ ತತ್ತ್ವದ ಮೇಲೆ.

ಸ್ವಾತಂತ್ರ್ಯ ಬಂದ ಮೇಲೂ ಈ ಕರಾವಳಿಯಲ್ಲಿ ಶಾಲೆ ಕಟ್ಟಿದವರಲ್ಲಿ ಹೆಚ್ಚಿನವರು ಸರಕಾರದ ದಾರಿ ಕಾಯಲಿಲ್ಲ. ಅಂಕೋಲಾ ತಾಲೂಕಿನ ಅಲಗೇರಿಯ ದಿನಕರ ದೇಸಾಯಿಯವರು, ಅದೇ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಆರಂಭಿಸಿ ಹಳ್ಳಿ ಹಳ್ಳಿಗೆ ಪ್ರೌಢಶಾಲೆ ತಂದರು. ಗೋಖಲೆಯವರ ಜನ್ಮ ಶತಾಬ್ದಿಯ 1966ರಲ್ಲಿ ಕಾಲೇಜು ಬಂತು. ಕಾರವಾರದಲ್ಲಿ ಧರ್ಮಭಗಿನಿಯರೂ ಇತರ ಸಂಸ್ಥೆಗಳೂ ಮಾಡಿದ ಕೆಲಸ ನಮ್ಮ ಓದುಗರಿಗೆ ಗೊತ್ತೇ ಇದೆ. ಚುಟುಕುಗಳಿಗೆ ಹೆಸರಾದ ದೇಸಾಯಿಯವರು 1967ರಲ್ಲಿ ಈ ಕ್ಷೇತ್ರದಿಂದಲೇ ಲೋಕಸಭೆಗೆ ಹೋದರು. ಆಗಲೂ ಶಿಕ್ಷಣ ರಾಜ್ಯದ ವಿಷಯವೇ ಆಗಿತ್ತು.

1976ರ ಬದಲಾವಣೆ

ಸಂವಿಧಾನ ಜಾರಿಗೆ ಬಂದಾಗ ಶಿಕ್ಷಣ ರಾಜ್ಯ ಪಟ್ಟಿಯಲ್ಲಿತ್ತು. ಉನ್ನತ ಶಿಕ್ಷಣದ ಮಟ್ಟ ನಿರ್ಧರಿಸುವುದು, ಕೆಲವು ರಾಷ್ಟ್ರೀಯ ಸಂಸ್ಥೆಗಳನ್ನು ನಡೆಸುವುದು ಇಷ್ಟೇ ಕೇಂದ್ರದ ಪಾಲು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ (1976) ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ಒಯ್ದಿತು. 1977ರ ಜನವರಿ 3ರಿಂದ ಎರಡೂ ಸರಕಾರಗಳು ಶಿಕ್ಷಣದ ಬಗ್ಗೆ ಕಾನೂನು ಮಾಡಬಹುದು. ಎರಡರ ನಡುವೆ ಘರ್ಷಣೆಯಾದರೆ ಸಾಮಾನ್ಯವಾಗಿ ಕೇಂದ್ರದ ಕಾನೂನೇ ಮೇಲು. ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ ಮೊದಲು ಬಂದದ್ದೂ 1976ರಲ್ಲಿ, ನಮ್ಮ ಕಾರವಾರ ಧರ್ಮಪ್ರಾಂತ್ಯ ಬೆಳಗಾವಿಯಿಂದ ಬೇರೆಯಾಗಿ ಸ್ಥಾಪನೆಯಾದದ್ದೂ ಅದೇ ವರ್ಷದಲ್ಲಿ. ಇಬ್ಬರು ಯಜಮಾನರ ಕೈಕೆಳಗೆ ಶಾಲೆ ನಡೆಸುವುದು ನಮಗೆ ಹೆಚ್ಚು ಕಡಿಮೆ ಹುಟ್ಟಿನಿಂದಲೇ ಬಂದ ಅಭ್ಯಾಸ ಎನ್ನಬಹುದು.

ಈ ಬದಲಾವಣೆಯ ತೂಕ ತಿಳಿಯಲು ಕರ್ನಾಟಕ ಶಿಕ್ಷಣ ಕಾಯಿದೆಯ ಕಥೆ ಸಾಕು. ಅದರ ಹೆಸರಿನಲ್ಲಿ 1983 ಎಂದಿದೆ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1993ರಲ್ಲಿ, ಜಾರಿಗೆ ಬಂದದ್ದು 1995ರಲ್ಲಿ. ರಾಜ್ಯದ ಶಾಲೆಗಳಿಗಾಗಿ ರಾಜ್ಯವೇ ಮಾಡಿದ ಕಾಯಿದೆ ಜಾರಿಯಾಗಲು ಹನ್ನೆರಡು ವರ್ಷ ಬೇಕಾಯಿತು.

ಗೋಖಲೆಯವರು ಕೇಳಿದ್ದು ಕೊನೆಗೆ ಬಂದದ್ದು ಈ ಹೊಸ ವ್ಯವಸ್ಥೆಯಲ್ಲಿ. 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು. ಹಣ ಒದಗಿಸುವುದು ಕೇಂದ್ರ ಮತ್ತು ರಾಜ್ಯ ಎರಡರದ್ದೂ ಹೊಣೆ ಎಂದು ಅದರ 7ನೇ ಕಲಂ ಹೇಳುತ್ತದೆ. ಪಾಲು ಎಷ್ಟೆಷ್ಟು ಎಂದು ಕಲಂ ಹೇಳುವುದಿಲ್ಲ. ಜಗಳವಿರುವುದೇ ಅಲ್ಲಿ.

ಕೇಂದ್ರದ ಸ್ವಂತ ಶಾಲೆಗಳು

ಕಾರವಾರ ತಾಲೂಕಿನಲ್ಲಿ ಕೇಂದ್ರದ ಹಣ ಕಣ್ಣಿಗೆ ಕಾಣುವುದು ಮುಖ್ಯವಾಗಿ ಎರಡು ಗೇಟುಗಳ ಒಳಗೆ. ನೌಕಾನೆಲೆಯ ಕೇಂದ್ರೀಯ ವಿದ್ಯಾಲಯ ಒಂದು, ಮಲ್ಲಾಪುರದ ಕೈಗಾ ವಸತಿ ಪ್ರದೇಶದ ಪರಮಾಣು ಶಕ್ತಿ ಕೇಂದ್ರೀಯ ಶಾಲೆ ಇನ್ನೊಂದು. ಮೊದಲನೆಯದನ್ನು ಕೇಂದ್ರೀಯ ವಿದ್ಯಾಲಯ ಸಂಘಟನೆ ನಡೆಸಿದರೆ ಎರಡನೆಯದನ್ನು ನಡೆಸುವುದು ಅಣುಶಕ್ತಿ ಇಲಾಖೆಯ ಶಿಕ್ಷಣ ಸಂಸ್ಥೆ. ಎರಡರಲ್ಲೂ ಪ್ರವೇಶದ ಆದ್ಯತೆ ಮೊದಲು ಆಯಾ ನೌಕರರ ಮಕ್ಕಳಿಗೆ. ವರ್ಗಾವಣೆಯಾಗುತ್ತಾ ಊರೂರು ಸುತ್ತುವ ನೌಕರರ ಮಕ್ಕಳಿಗೆಂದೇ ಈ ಶಾಲೆಗಳು ಹುಟ್ಟಿದ್ದರಿಂದ ಅದು ಸಹಜವೇ. ಆದರೆ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾದ ಹಳ್ಳಿಗಳು ಜಮೀನು, ಕಡಲ ದಂಡೆ ಬಿಟ್ಟುಕೊಟ್ಟ ಮೇಲೆ, 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿದ ಮೇಲೆ, ಆ ಗೇಟಿನ ಹೊರಗಿನ ಮಗುವಿಗೆ ಒಳಗಿನ ಶಾಲೆಯಲ್ಲಿ ಏನಿದೆ ಎಂದು ಕೇಳುವುದೂ ಸಹಜ.

ಉತ್ತರ ಇದೆ, ಆದರೆ ಬಹಳ ಕುಟುಂಬಗಳಿಗೆ ತಿಳಿದಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 12ನೇ ಕಲಂ ಕೇಂದ್ರೀಯ ವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಒಂದನೇ ತರಗತಿಯ ನಾಲ್ಕನೇ ಒಂದು ಪಾಲು ಸೀಟುಗಳು ಸುತ್ತಲಿನ ದುರ್ಬಲ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ, ಲಾಟರಿ ಮೂಲಕ, ಉಚಿತವಾಗಿ. ಮೀನುಗಾರ ಮನೆಯ ಮಗುವಿಗೆ ತಂದೆಯ ಕೇಂದ್ರ ನೌಕರಿ ಬೇಕಿಲ್ಲ. ಬೇಕಾದದ್ದು ವಯಸ್ಸಿನ ದಾಖಲೆ, ವಾಸದ ದಾಖಲೆ, ಜಾತಿ ಅಥವಾ ಆದಾಯದ ಪ್ರಮಾಣಪತ್ರ, ಮತ್ತು ಅರ್ಜಿ ಬಿಡುವ ಕೆಲವೇ ದಿನಗಳೊಳಗೆ ಆನ್‌ಲೈನ್ ಅರ್ಜಿ. 2022–23ರಿಂದ ಅಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು. ಅದೇ 2022ರಲ್ಲಿ ಸಂಸದರ ಶಿಫಾರಸಿನ ಕೋಟಾ ರದ್ದಾಯಿತು. ಹಾಗಾಗಿ 'ಪತ್ರ ತಂದುಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೇಂದ್ರದ ಮೂರನೇ ಶಾಲೆ ಗೇಟಿನೊಳಗಿಲ್ಲ, ಘಟ್ಟದ ಮೇಲಿದೆ. ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಮುಂಡಗೋಡಿನಲ್ಲಿದೆ. ಆರನೇ ತರಗತಿಯಿಂದ ಊಟ, ವಸತಿ, ಪಾಠ ಉಚಿತ. ಪ್ರವೇಶ ಪರೀಕ್ಷೆಯ ಮೂಲಕ. ಸೀಟುಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಪಾಲು ಹುಡುಗಿಯರಿಗೆ. ಐದನೇ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಬೇಕು. ಕನ್ನಡ ಮಾಧ್ಯಮದ ಮಗು ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಹತ್ತು ಹನ್ನೊಂದು ವರ್ಷದ ಮಗುವನ್ನು ಅಷ್ಟು ದೂರ ಬಿಡಲು ಕರಾವಳಿಯ ತಾಯಂದಿರು ಹಿಂಜರಿಯುತ್ತಾರೆ. ಅದು ಅವರ ನಿರ್ಧಾರ. ಆದರೆ ಅವಕಾಶವೇ ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ ಮಾತು.

ಸಾಮಾನ್ಯ ಶಾಲೆಗೆ ಬರುವುದು

ಇನ್ನು ಊರಿನ ಸರಕಾರಿ ಮತ್ತು ಅನುದಾನಿತ ಶಾಲೆಗಳ ಲೆಕ್ಕ. ಇಲ್ಲಿ ಕೇಂದ್ರದ ಹಣ ನೇರವಾಗಿ ಬರುವುದಿಲ್ಲ, ಯೋಜನೆಯ ರೂಪದಲ್ಲಿ ರಾಜ್ಯದ ಮೂಲಕ ಬರುತ್ತದೆ. 1986ರ ಶಿಕ್ಷಣ ನೀತಿಯ ನಂತರ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಬಂತು, ಶಿಕ್ಷಕರ ತರಬೇತಿಗೆ ಜಿಲ್ಲಾ ಸಂಸ್ಥೆಗಳು ಬಂದವು. ಕುಮಟೆಯ ಡಯಟ್ ಆ ಬಗೆಯದು. 2001ರಿಂದ ಸರ್ವ ಶಿಕ್ಷಣ ಅಭಿಯಾನ, 2009ರಿಂದ ಪ್ರೌಢಶಾಲೆಗಳಿಗೆ ಇನ್ನೊಂದು ಅಭಿಯಾನ. 2018ರಲ್ಲಿ ಇವೆಲ್ಲ ಸೇರಿ 'ಸಮಗ್ರ ಶಿಕ್ಷಣ' ಆಯಿತು. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಹೆಚ್ಚುವರಿ ಕೊಠಡಿ, ಶೌಚಾಲಯ, ಬಿ.ಆರ್.ಸಿ., ಸಿ.ಆರ್.ಪಿ.ಗಳು, ವಿಶೇಷ ಅಗತ್ಯವುಳ್ಳ ಮಕ್ಕಳ ನೆರವು ಇದರಲ್ಲಿ ಬರುತ್ತವೆ. ಕೊಠಡಿಯ ಹಣ ಸರಕಾರಿ ಶಾಲೆಗೆ ಮಾತ್ರ. ಅನುದಾನಿತ ಶಾಲೆಯ ಹೆಂಚು ಮಳೆಗಾಲದಲ್ಲಿ ಹಾರಿಹೋದರೆ ಆಡಳಿತ ಮಂಡಳಿಯೇ ನೋಡಿಕೊಳ್ಳಬೇಕು.

ಅನುದಾನಿತ ಶಾಲೆಯ ಮಗುವಿಗೂ ಸಿಗುವುದರಲ್ಲಿ ದೊಡ್ಡದು ಬಿಸಿಯೂಟ. ಕೇಂದ್ರ ಈ ಯೋಜನೆಯನ್ನು 1995ರ ಆಗಸ್ಟ್ 15ರಂದು ಆರಂಭಿಸಿದಾಗ ಹೆಚ್ಚಿನ ಕಡೆ ಕೊಟ್ಟದ್ದು ಬರಿಯ ಧಾನ್ಯ. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಕರ್ನಾಟಕದಲ್ಲಿ ಅಕ್ಷರ ದಾಸೋಹ ಬಂತು. ಎಂಟನೇ ತರಗತಿಯವರೆಗೆ ಕೇಂದ್ರದ ಯೋಜನೆ: ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ. ಒಂಬತ್ತು, ಹತ್ತನೇ ತರಗತಿಯ ಊಟ ರಾಜ್ಯದ ಖರ್ಚು. 2013ರಲ್ಲಿ ಬಂದ ಹಾಲೂ ರಾಜ್ಯದ್ದೇ. ಮೊಟ್ಟೆ ರಾಜ್ಯದ್ದು, 2024ರಲ್ಲಿ ಅದಕ್ಕೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನವಾಯಿತು. ಒಂದೇ ತಟ್ಟೆಯಲ್ಲಿ ಅನ್ನ ದಿಲ್ಲಿಯದು, ಮೊಟ್ಟೆ ಬೆಂಗಳೂರಿನದು! ಅಡುಗೆ ಮಾಡುವ ತಾಯಂದಿರ ಗೌರವಧನದಲ್ಲಿ ಕೇಂದ್ರದ ಯೋಜನೆ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಆಮೇಲೆ ಅವರ ಕೈಗೆ ಹೆಚ್ಚಾಗಿ ಬಂದದ್ದೆಲ್ಲ ರಾಜ್ಯ ಸೇರಿಸಿದ್ದು. ಗೌರವಧನದ ಹೋರಾಟ ಎಂದರೆ ಬೆಂಗಳೂರಿನ ಕಡೆಗೇ ನೋಡುವವರು ಈ ಅಂಕಿಯನ್ನು ನೆನಪಿಡುವುದು ಒಳ್ಳೆಯದು.

ಉಚಿತ ಪಠ್ಯಪುಸ್ತಕವೂ ಅನುದಾನಿತ ಶಾಲೆಯ ಮಕ್ಕಳಿಗೆ ಸಿಗುತ್ತದೆ, ಉಚಿತ ಸಮವಸ್ತ್ರ ಸಿಗುವುದಿಲ್ಲ. ಶಿಕ್ಷಕರ ಸಂಬಳ ಪೂರ್ತಿ ರಾಜ್ಯದ್ದು. ಖಾಲಿ ಹುದ್ದೆ ತುಂಬಲು ಅನುಮತಿ ಕೊಡುವುದೂ ರಾಜ್ಯವೇ. ಹುದ್ದೆ ವರ್ಷಗಟ್ಟಲೆ ಖಾಲಿ ಉಳಿದಿದೆ ಎಂದು ಸಂಸದರಿಗೆ ಮನವಿ ಕೊಡುವುದರಿಂದ ಫೋಟೋ ಬರುತ್ತದೆ, ಶಿಕ್ಷಕರು ಬರುವುದಿಲ್ಲ.

ಹಣದೊಂದಿಗೆ ಷರತ್ತೂ ಬರುತ್ತದೆ. ನೆರೆಯ ತಮಿಳುನಾಡು 2022ರ ಪಿ.ಎಂ. ಶ್ರೀ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕದ ಕಾರಣ 2024–25ರಲ್ಲಿ ಅದರ ಸಮಗ್ರ ಶಿಕ್ಷಣದ ಕಂತುಗಳು ತಡೆಯಾದವು. 2,152 ಕೋಟಿ ರೂಪಾಯಿ ಬರಬೇಕು ಎಂದು ಆ ರಾಜ್ಯ ಹೇಳಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಕರ್ನಾಟಕ ಆ ಯೋಜನೆಯಲ್ಲಿ ಸೇರಿತ್ತು. ಆದರೆ ಇಲ್ಲಿಯೂ 2020ರ ರಾಷ್ಟ್ರೀಯ ನೀತಿಯ ಬಗ್ಗೆ ಭಿನ್ನಾಭಿಪ್ರಾಯವಿದ್ದು, ರಾಜ್ಯ ತನ್ನದೇ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಅವರ ಆಯೋಗವನ್ನು 2023ರಲ್ಲಿ ನೇಮಿಸಿತು. 2025ರ ಆಗಸ್ಟಿನಲ್ಲಿ ವರದಿ ಸಲ್ಲಿಕೆಯಾಯಿತು.

ನಾವು ಕಟ್ಟುವ ತೆರಿಗೆಯ ಮಾತನ್ನೂ ಇಲ್ಲಿ ಹೇಳಬೇಕು. 2004ರಲ್ಲಿ ಕೇಂದ್ರ ತೆರಿಗೆಗಳ ಮೇಲೆ 2 ಶೇಕಡಾ ಶಿಕ್ಷಣ ಸೆಸ್ ಬಂತು, 2007ರಲ್ಲಿ ಇನ್ನೊಂದು ಸೇರಿತು, 2018ರಿಂದ ಆದಾಯ ತೆರಿಗೆಯ ಮೇಲೆ 4 ಶೇಕಡಾ ಆರೋಗ್ಯ ಮತ್ತು ಶಿಕ್ಷಣ ಸೆಸ್. ಸಾಮಾನ್ಯ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲಿದೆ, ಸೆಸ್‌ನಲ್ಲಿ ಇಲ್ಲ. ಕೈಗಾದ ನೌಕರರಾಗಲಿ ಕಾರವಾರದ ಮೀನು ವ್ಯಾಪಾರಿಯಾಗಲಿ ಶಿಕ್ಷಣಕ್ಕೆಂದು ಕಟ್ಟಿದ ಆ ಹಣ ಮತ್ತೆ ಊರಿಗೆ ಬರಬೇಕಾದರೆ ಯೋಜನೆಯ ದಾರಿಯಲ್ಲೇ ಬರಬೇಕು.

ಅಲ್ಪಸಂಖ್ಯಾತ ಶಾಲೆ ಮತ್ತು ಟಿ.ಇ.ಟಿ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅನುದಾನ ಕೊಡುವಾಗ ಅವುಗಳ ವಿರುದ್ಧ ತಾರತಮ್ಯ ಮಾಡಬಾರದು ಎಂದು ಅದರ ಎರಡನೇ ಉಪವಿಧಿ ಹೇಳುತ್ತದೆ. ಈ ಹಕ್ಕಿನ ಎಲ್ಲೆಗಳನ್ನು ವಿವರಿಸಿದ 2002ರ ದೊಡ್ಡ ತೀರ್ಪು ನಮ್ಮ ಕರಾವಳಿಯದೇ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಅನುದಾನಿತವಾಗಲಿ ಅನುದಾನರಹಿತವಾಗಲಿ ಅಲ್ಪಸಂಖ್ಯಾತ ಶಾಲೆಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುವುದಿಲ್ಲ ಎಂದಿತು. ಅಂದೇ ಇನ್ನೊಂದು ತೀರ್ಪಿನಲ್ಲಿ, ಖಾಸಗಿ ಶಾಲೆಯ ಮೇಲೆ ಮಾತೃಭಾಷಾ ಮಾಧ್ಯಮವನ್ನು ಕರ್ನಾಟಕ ಹೇರುವಂತಿಲ್ಲ ಎಂದೂ ಹೇಳಿತು.

ಪ್ರಮತಿ ತೀರ್ಪನ್ನು ನಮ್ಮಲ್ಲಿ ಕೆಲವರು 'ನಮಗೆ ಯಾವ ನಿಯಮವೂ ಇಲ್ಲ' ಎಂದು ಓದಿಕೊಂಡಿದ್ದಾರೆ. ಹಾಗಲ್ಲ. ಮಾನ್ಯತೆ ನವೀಕರಣ, ಕಟ್ಟಡ ಮತ್ತು ಬೆಂಕಿ ಸುರಕ್ಷತೆ, 2012ರ ಪೋಕ್ಸೊ ಕಾಯಿದೆ ಎಲ್ಲವೂ ಎಲ್ಲ ಶಾಲೆಗೂ ಇವೆ. ವಿನಾಯಿತಿ ಕೇಳುವ ಶಾಲೆಯ ಕೈಯಲ್ಲಿ ಅಲ್ಪಸಂಖ್ಯಾತ ಸ್ಥಾನಮಾನದ ಪ್ರಮಾಣಪತ್ರ ಇರುವುದು ಕ್ಷೇಮ. 2004ರ ಕಾಯಿದೆಯಡಿ ರಚಿತವಾದ ರಾಷ್ಟ್ರೀಯ ಆಯೋಗದಿಂದ ಅದನ್ನು ಪಡೆಯಬಹುದು. ಕ್ರೈಸ್ತ ಸಂತರ ಹೆಸರು ಬೋರ್ಡಿನ ಮೇಲಿದ್ದರೆ ಸಾಲದು.

ಈಗಿನ ದೊಡ್ಡ ಪ್ರಶ್ನೆ ಶಿಕ್ಷಕರ ಅರ್ಹತಾ ಪರೀಕ್ಷೆಯದು. ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ಟಿ.ಇ.ಟಿ. ಬೇಕೆಂದು ನಿಗದಿ ಮಾಡಿದ್ದು ಕೇಂದ್ರದ ಎನ್.ಸಿ.ಟಿ.ಇ., 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಕೆಲಸದಲ್ಲಿರುವ ಶಿಕ್ಷಕರಿಗೂ ಅನ್ವಯಿಸಿತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಪಾಸಾಗಬೇಕು, ಅದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಶಾಲೆಗಳ ಮಟ್ಟಿಗೆ ಆ ಪೀಠ ಪ್ರಮತಿ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕಿಗೆ ಮತ್ತೆ ಪರೀಕ್ಷೆ ಎಂದರೆ ನೋವಾಗುವುದು ನಿಜ. ಆದರೂ ನಮ್ಮ ಶಾಲೆಗಳ ಶಿಕ್ಷಕರು ದೊಡ್ಡ ಪೀಠದ ಮಾತಿಗೆ ಕಾದು ಕೂರದೆ ಮುಂದಿನ ಟಿ.ಇ.ಟಿ.ಗೆ ಅರ್ಜಿ ಹಾಕುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ. ಪಾಸಾದ ಪ್ರಮಾಣಪತ್ರದಿಂದ ಯಾರಿಗೂ ನಷ್ಟವಿಲ್ಲ.

ವಿದೇಶಿ ದೇಣಿಗೆಯ ವಿಷಯ ಚಿಕ್ಕದಾಗಿ: ಅದು ಶಿಕ್ಷಣ ಇಲಾಖೆಯದಲ್ಲ, ಕೇಂದ್ರ ಗೃಹ ಸಚಿವಾಲಯದ್ದು. 2020ರ ತಿದ್ದುಪಡಿಯ ಪ್ರಕಾರ ಹಣ ದಿಲ್ಲಿಯ ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಯ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಗಲ್ಫಿನಲ್ಲಿರುವ ಊರಿನವರು ಭಾರತೀಯ ಪೌರರಾಗಿದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣವನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಪೌರತ್ವ ಬದಲಿಸಿದವರದ್ದನ್ನು ಎಣಿಸುತ್ತಾರೆ.

ಮಗುವಿನ ಕೈಗೆ ಬರುವ ಹಣ

ಕೇಂದ್ರದ ಅಲ್ಪಸಂಖ್ಯಾತ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ 2008ರಲ್ಲಿ ಒಂದನೇ ತರಗತಿಯಿಂದಲೇ ಆರಂಭವಾಗಿತ್ತು. 2022ರ ನವೆಂಬರಿನಲ್ಲಿ, ಅರ್ಜಿಗಳೆಲ್ಲ ಸಲ್ಲಿಕೆಯಾದ ಮೇಲೆ, ಎಂಟನೇ ತರಗತಿಯವರೆಗಿನದನ್ನು ಕೇಂದ್ರ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯಿದೆಯಡಿ ಆ ಮಕ್ಕಳಿಗೆ ಶಿಕ್ಷಣ ಉಚಿತವಾಗಿದೆ ಎಂಬುದು ಕಾರಣ. ಆ ಕಾಯಿದೆಯೇ ಅಲ್ಪಸಂಖ್ಯಾತ ಶಾಲೆಗೆ ಅನ್ವಯಿಸುವುದಿಲ್ಲ ಎಂದು ಕೋರ್ಟ್ ಹೇಳಿತ್ತಲ್ಲ ಎಂದು ನಮ್ಮ ಪೋಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಕಾರವಾರ, ಅಂಕೋಲಾದಲ್ಲಿ ಹೆಚ್ಚು ಪ್ರಚಾರವಾಗಬೇಕಾದದ್ದು ಎನ್.ಎಂ.ಎಂ.ಎಸ್. ಎಂಬ ಇನ್ನೊಂದು ಕೇಂದ್ರ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿ.ಯು.ವರೆಗೆ ವರ್ಷಕ್ಕೆ 12,000 ರೂಪಾಯಿ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ಧರ್ಮದ ಪ್ರಶ್ನೆ ಇಲ್ಲಿಲ್ಲ.

ಅಂಕೋಲಾದ ಒಳಭಾಗದ ಸಿದ್ದಿ ಕುಟುಂಬಗಳು 2003ರ ಜನವರಿಯಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿವೆ. ಪಂಗಡದ ಸ್ಥಾನಕ್ಕೆ ಧರ್ಮ ಅಡ್ಡಿಯಲ್ಲ, ಕೆಥೋಲಿಕ್ ಸಿದ್ದಿ ಮಗುವಿಗೂ ಆ ವಿದ್ಯಾರ್ಥಿವೇತನಗಳು ಪೂರ್ತಿ ಸಿಗುತ್ತವೆ. ಹಾಲಕ್ಕಿ ಒಕ್ಕಲಿಗರು ಇದೇ ಸ್ಥಾನವನ್ನು ಬಹುಕಾಲದಿಂದ ಕೇಳುತ್ತಿದ್ದಾರೆ. ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ.

ಕೊನೆಯದಾಗಿ ಉಪದೇಶಿಗಳಿಗೂ ಮುಖ್ಯೋಪಾಧ್ಯಾಯರಿಗೂ ಒಂದು ಕೆಲಸದ ಮಾತು. ಈ ಕೇಂದ್ರ ವೇತನಗಳ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ನಮ್ಮ ಕುಟುಂಬಗಳಲ್ಲಿ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಫೆರ್ನಾಂಡಿಸ್ ಎಂಬುದು ಶಾಲೆಯಲ್ಲಿ ಫರ್ನಾಂಡೀಸ್, ಆಧಾರಿನಲ್ಲಿ ಮತ್ತೊಂದು. ಅಕ್ಷರ ಹೊಂದದಿದ್ದರೆ ಅರ್ಜಿ ಯಂತ್ರದಲ್ಲೇ ನಿಲ್ಲುತ್ತದೆ, ಅದನ್ನು ಸರಿಮಾಡಿಸಲು ತಿಂಗಳುಗಳು ಬೇಕು. ಮಗು ಏಳನೇ ತರಗತಿ ಮುಗಿಸುವ ಮೊದಲೇ ಶಾಲೆಯ ದಾಖಲಾತಿ ಪುಸ್ತಕ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಆಗಲೇ ತಿದ್ದಿಸಿ.